ಹೃದಯದ ಹೊದಿಕೆ: ಒಬ್ಬ ಅರಸ, ಒಬ್ಬ ಅನಾಮಿಕ

1760ನೆಯ ಇಸವಿಯ ಅಕ್ಟೋಬರ್ 25ರಂದು ಬೆಳಿಗ್ಗೆ ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ ವಾಡಿಕೆಯಂತೆ ಆರು ಗಂಟೆಗೆ ಎದ್ದ. ಒಂದು ಬಟ್ಟಲು ಚಾಕೊಲೇಟ್ ಕುಡಿದ. ಬಳಿಕ ಶೌಚಕ್ಕೆಂದು ಪಕ್ಕದ ಕೋಣೆಗೆ ಹೋದ. ತುಸು ಹೊತ್ತಿನಲ್ಲಿ ಒಳಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಆಳು ಓಡಿಹೋಗಿ ನೋಡಿದರೆ ದೊರೆ ನೆಲಕ್ಕುರುಳಿದ್ದ. ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು. ಆ ಕಾಲದ ಪದ್ಧತಿಯಂತೆ ರಕ್ತ ತೆಗೆಯಲು ನೋಡಿದರು. ಏನೂ ಪ್ರಯೋಜನವಾಗಲಿಲ್ಲ. ಅವನಿಗೆ 77 ತುಂಬಲು ಕೆಲವೇ ದಿನ ಉಳಿದಿದ್ದವು.

ಅರಸನ ಶವಕ್ಕೆ ಸುಗಂಧ ದ್ರವ್ಯಗಳನ್ನು ತುಂಬಿ ಕೆಡದಂತೆ ಕಾಪಾಡಬೇಕಾಗಿತ್ತು. ಅದಕ್ಕಾಗಿ ದೇಹವನ್ನು ತೆರೆದರು. ಆಗ ಅಲ್ಲಿದ್ದ ರಾಜವೈದ್ಯ ಫ್ರಾಂಕ್ ನಿಕಲ್ಸ್ ತಾನು ಕಂಡದ್ದನ್ನು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರದ ರೂಪದಲ್ಲಿ ಬರೆದ. ಅದು ಆ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೃದಯವನ್ನು ಸುತ್ತಿಕೊಂಡಿರುವ ಚೀಲ ಉಬ್ಬಿ ನಿಂತಿತ್ತು. ಅದರೊಳಗೆ ಹೆಚ್ಚುಕಡಮೆ ಒಂದು ಪಿಂಟ್, ನಮ್ಮ ಲೆಕ್ಕದಲ್ಲಿ ಅರ್ಧ ಲೀಟರಿನಷ್ಟು ಹೆಪ್ಪುಗಟ್ಟಿದ ರಕ್ತವಿತ್ತು. ಹೃದಯದಿಂದ ಹೊರಡುವ ದೊಡ್ಡ ನಾಳದ, ಅಂದರೆ ಮಹಾಧಮನಿಯ ಒಳಗೋಡೆಯಲ್ಲಿ ಸುಮಾರು ಒಂದೂವರೆ ಅಂಗುಲದ ಅಡ್ಡ ಸೀಳು ಇತ್ತು. ಅದರ ಮೂಲಕ ರಕ್ತ ಹೊರಪದರದ ಕೆಳಗೆ ನುಗ್ಗಿ ಊದಿಕೊಂಡಿತ್ತು. ದೊರೆ ಕೆಲವು ವರ್ಷಗಳಿಂದ ಎದೆಯ ಭಾಗದಲ್ಲಿ ಸಂಕಟ, ಕುಸಿದಂತಾಗುವುದು ಎಂದು ಹೇಳಿಕೊಳ್ಳುತ್ತಿದ್ದನೆಂಬುದನ್ನೂ ನಿಕಲ್ಸ್ ಬರೆದಿದ್ದಾನೆ.

ನಮ್ಮಲ್ಲಿ ದುಃಖದ ಸುದ್ದಿ ಕೇಳಿದವರನ್ನು ಕುರಿತು 'ಎದೆ ಒಡೆದುಹೋಯಿತು' ಎನ್ನುತ್ತೇವೆ. ಜಾರ್ಜ್ ದೊರೆಗೆ ಯಾವ ದುಃಖದ ಸುದ್ದಿಯೂ ಬಂದಿರಲಿಲ್ಲ. ಅವನ ಸೈನ್ಯ ಎಲ್ಲ ಕಡೆ ಗೆಲ್ಲುತ್ತಿದ್ದ ಕಾಲವದು. ಆದರೂ ಮಾತಿನ ಅಕ್ಷರಾರ್ಥದಲ್ಲೇ ಅವನ ಎದೆ ಒಡೆದಿತ್ತು. ಇಂದು ವೈದ್ಯರು ಮಹಾಧಮನಿಯ ಪದರ ಸೀಳುವಿಕೆ ಎಂದು ಕರೆಯುವ ಕಾಯಿಲೆಯ ಮೊದಲ ಸ್ಪಷ್ಟ ವರ್ಣನೆಗಳಲ್ಲಿ ನಿಕಲ್ಸನ ಪತ್ರವೂ ಒಂದೆಂದು ಎಣಿಸುತ್ತಾರೆ.

ಈ ಸೀಳುವಿಕೆ ಎಂದರೇನೆಂಬುದನ್ನು ಇಲ್ಲೇ ಹೇಳಿಬಿಡುವುದು ಲೇಸು. ಮಹಾಧಮನಿಯ ಗೋಡೆ ಮೂರು ಪದರಗಳದ್ದು. ಬಾಳೆದಿಂಡನ್ನು ಸುಲಿದವರಿಗೆ ಪದರದ ಮೇಲೆ ಪದರ ಹೇಗೆ ಅಂಟಿಕೊಂಡಿರುತ್ತದೆಂಬುದು ಗೊತ್ತು. ವರ್ಷಗಟ್ಟಲೆ ಏರಿದ ರಕ್ತದೊತ್ತಡದಿಂದಲೋ, ಹುಟ್ಟಿನಿಂದ ಬಂದ ದೌರ್ಬಲ್ಯದಿಂದಲೋ ಒಳಪದರ ಒಂದೆಡೆ ಹರಿಯಿತೆನ್ನಿ. ಹೃದಯ ಬಡಿದಾಗಲೆಲ್ಲ ರಕ್ತ ಆ ಹರಕಿನಲ್ಲಿ ನುಗ್ಗಿ, ಪದರಗಳನ್ನು ಒಂದರಿಂದೊಂದು ಬಿಡಿಸುತ್ತ ಮುಂದುವರಿಯುತ್ತದೆ. ಮುಂಬಯಿಯ ಹಳೆಯ ಚಾಳುಗಳಲ್ಲಿ ಬಾಳಿದ ನಮ್ಮವರಿಗೆ ಮಳೆಗಾಲದಲ್ಲಿ ಗೋಡೆಯ ಗಾರೆಯ ಹಿಂದೆ ನೀರು ಸೇರಿ ಗೋಡೆ ಹೊಟ್ಟೆ ಬಿಟ್ಟುಕೊಳ್ಳುವುದನ್ನು ನೆನಪಿಸಿದರೆ ಸಾಕು. ಒಂದು ದಿನ ಗಾರೆ ಕಳಚಿ ಬೀಳುತ್ತದೆ. ಇಲ್ಲಿ ಹೊರಪದರವೂ ಒಡೆಯುತ್ತದೆ.

ಒಡೆದರೆ ರಕ್ತ ಎಲ್ಲಿಗೆ ಹೋಗುತ್ತದೆ? ನಮ್ಮ ಈ ಲೇಖನವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಮಹಾಧಮನಿ ಹೃದಯದಿಂದ ಮೇಲಕ್ಕೇರುವ ಮೊದಲ ಕೆಲವು ಅಂಗುಲಗಳು ಹೃದಯದ ಚೀಲದ ಒಳಗೇ ಇರುತ್ತವೆ. ಈ ಚೀಲಕ್ಕೆ ವೈದ್ಯರು ಪೆರಿಕಾರ್ಡಿಯಂ ಎನ್ನುತ್ತಾರೆ. ಕನ್ನಡದಲ್ಲಿ ಹೃದಯಾವರಣ ಎಂಬ ಮಾತು ರೂಢಿಗೆ ಬಂದಿದೆ. ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಹಳೆಯ ಗ್ರಂಥವೊಂದರಲ್ಲೇ ಹೃದಯದ ಸುತ್ತ ನುಣುಪಾದ ಹೊದಿಕೆಯಿದೆ, ಅದರಲ್ಲಿ ಸ್ವಲ್ಪ ದ್ರವವಿದೆ ಎಂಬ ವರ್ಣನೆಯಿದೆ. ಚೀಲದ ಹೊರಪದರ ಗಟ್ಟಿ; ನಿಧಾನವಾಗಿ ಎಳೆದರೆ ಹಿಗ್ಗುತ್ತದೆ, ಫಕ್ಕನೆ ಹಿಗ್ಗುವುದಿಲ್ಲ. ಆದ್ದರಿಂದ ಅದರೊಳಗೆ ರಕ್ತ ಒಮ್ಮೆಲೆ ನುಗ್ಗಿದರೆ ಒಂದು ಲೋಟದಷ್ಟೇ ಆದರೂ ಸಾಕು, ಹೃದಯಕ್ಕೆ ಅರಳಲು ಜಾಗವಿಲ್ಲದಂತಾಗುತ್ತದೆ. ಅರಳದ ಹೃದಯಕ್ಕೆ ರಕ್ತ ಬರುವುದಿಲ್ಲ; ಬಾರದ್ದನ್ನು ಅದು ಕಳಿಸುವುದಾದರೂ ಹೇಗೆ? ಇಂಗ್ಲೆಂಡಿನ ರಿಚರ್ಡ್ ಲೋವರ್ 1669ರಲ್ಲೇ ಇದನ್ನು ಬರೆದಿದ್ದ. 1884ರಲ್ಲಿ ಎಡ್ಮಂಡ್ ರೋಸ್ ಎಂಬ ಶಸ್ತ್ರವೈದ್ಯ ಇದಕ್ಕೆ ಟ್ಯಾಂಪನೇಡ್ ಎಂದು ಹೆಸರಿಟ್ಟ. ಬಿರಡೆ ಜಡಿದಂತೆ ಎಂದು ಅದರ ಭಾವ. 1935ರಲ್ಲಿ ಅಮೆರಿಕದ ಕ್ಲಾಡ್ ಬೆಕ್ ಇದನ್ನು ಗುರುತಿಸಲು ಮೂರು ಲಕ್ಷಣಗಳನ್ನು ಕೊಟ್ಟ: ಇಳಿದ ರಕ್ತದೊತ್ತಡ, ಉಬ್ಬಿದ ಕತ್ತಿನ ನರಗಳು, ದೂರದಿಂದ ಕೇಳಿಸಿದಂತೆ ಮಂಕಾದ ಹೃದಯದ ಸದ್ದು. ಎದೆನೋವಿನಿಂದ ಬಂದವನಲ್ಲಿ ಈ ಮೂರನ್ನೂ ಕಂಡರೆ ವೈದ್ಯನಿಗೆ ದಾರಿ ಸಿಕ್ಕಂತೆ. ಜಾರ್ಜ್ ದೊರೆಯ ಎದೆಯಲ್ಲಿ ಸಾವಿನ ಕಾರಣವನ್ನು ಹಿಡಿದಿಟ್ಟು ನಿಕಲ್ಸನಿಗೆ ತೋರಿಸಿದ್ದು ಇದೇ ಚೀಲ.

ಇನ್ನು ಎರಡನೆಯ ವ್ಯಕ್ತಿಯ ಕಡೆಗೆ ಬರೋಣ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಲಂಡನ್ನಿನ ವಿಂಡ್‌ಮಿಲ್ ಬೀದಿಯಲ್ಲಿ ವಿಲಿಯಂ ಹಂಟರ್ ಎಂಬ ಪ್ರಖ್ಯಾತ ವೈದ್ಯ ಕಟ್ಟಿದ ಅಂಗರಚನಾ ಶಾಲೆಯಿತ್ತು. 1783ರಲ್ಲಿ ಅವನು ಸತ್ತ ಮೇಲೆ ಪಾಠ ಹೇಳುವ ಭಾರ ಅವನ ಸೋದರಳಿಯ ಮ್ಯಾಥ್ಯೂ ಬೇಯ್ಲಿಯ ಮೇಲೆ ಬಿತ್ತು. ಒಮ್ಮೆ ವಿದ್ಯಾರ್ಥಿಗಳಿಗೆ ಎದೆಯೊಳಗಿನ ಅಂಗಗಳ ಸ್ಥಾನ ತೋರಿಸಲೆಂದು ಸುಮಾರು ನಲವತ್ತು ವರ್ಷದ ಗಂಡಸೊಬ್ಬನ ಶವವನ್ನು ಅವನು ತೆರೆದ. ಚೀಲ ಕಾಣಬೇಕಾದ ಕಡೆ ಬರಿಯ ಹೃದಯ ಕಾಣಿಸಿತು. ಅದು ಎದೆಯ ಎಡಭಾಗದಲ್ಲಿ, ತನ್ನ ರಕ್ತನಾಳಗಳ ಹೊರತು ಬೇರಾವ ಕಟ್ಟೂ ಇಲ್ಲದೆ ಸಡಿಲವಾಗಿ ಬಿದ್ದುಕೊಂಡಿತ್ತು. ಬೇಯ್ಲಿ ತಾನು ತುಂಬ ಚಕಿತನಾದೆನೆಂದು ಬರೆದುಕೊಂಡಿದ್ದಾನೆ. ಅವನ ಲೇಖನ ಅಚ್ಚಾದದ್ದು 1793ರಲ್ಲಿ.

ಹೃದಯಾವರಣವಿಲ್ಲದ ಮನುಷ್ಯರಿದ್ದಾರೆ ಎಂಬ ಮಾತು ಅದಕ್ಕೂ ಮುಂಚೆ ಇರಲಿಲ್ಲವೆಂದಲ್ಲ. ಇಟಲಿಯ ರಿಯಾಲ್ಡೋ ಕೊಲಂಬೋ 1559ರಲ್ಲಿ ಬಂದ ತನ್ನ ಗ್ರಂಥದಲ್ಲೇ ಇಂಥ ಒಬ್ಬನ ವಿಷಯ ಬರೆದಿದ್ದ. ಆದರೆ ಹಳಬರ ಈ ವರದಿಗಳನ್ನು ಪಂಡಿತರು ಸಂಶಯದಿಂದಲೇ ನೋಡುತ್ತಿದ್ದರು. ಏಕೆಂದರೆ ಕ್ಷಯವೋ ಮತ್ತಾವ ಉರಿಯೂತವೋ ಬಂದು ಹೋದಾಗ ಚೀಲ ಹೃದಯಕ್ಕೇ ಒಣಗಿ ಅಂಟಿಕೊಳ್ಳುವುದುಂಟು. ನೋಡಿದವರಿಗೆ ಚೀಲವೇ ಇಲ್ಲವೆನಿಸುತ್ತದೆ. ಹುಟ್ಟಿನಿಂದಲೇ ಇಲ್ಲದಿರುವುದು ಬೇರೆ, ಇದ್ದದ್ದು ಅಂಟಿಹೋಗಿರುವುದು ಬೇರೆ. ಬೇಯ್ಲಿಯ ವರ್ಣನೆ ಆ ಸಂಶಯಕ್ಕೆ ಎಡೆಗೊಡದಷ್ಟು ಸ್ಪಷ್ಟವಾಗಿತ್ತು.

ಆ ನಲವತ್ತರ ಗಂಡಸು ಯಾರು? ಆಗಿನ ಲಂಡನ್ನಿನ ಅಂಗರಚನಾ ಶಾಲೆಗಳಿಗೆ ಶವಗಳು ಬಹುಮಟ್ಟಿಗೆ ಬರುತ್ತಿದ್ದುದು ರಾತ್ರಿ ಗೋರಿ ಅಗೆಯುವ ಕಳ್ಳರಿಂದ, ಇಲ್ಲವೆ ಗಲ್ಲುಗಂಬದಿಂದ. ಇದಕ್ಕೊಂದು ಕಾನೂನಿನ ದಾರಿ ಆದದ್ದು 1832ರ ಶಾಸನದಿಂದ. ಅದೂ ವಾರಸುದಾರರಿಲ್ಲದ ಬಡವರ ಶವಗಳನ್ನೇ ಶಾಲೆಗಳಿಗೆ ಒಪ್ಪಿಸಿತು. ಅರಸನ ಎದೆಯನ್ನು ಸುಗಂಧಕ್ಕಾಗಿ ತೆರೆದರೆ, ಬಡವನ ಎದೆಯನ್ನು ಪಾಠಕ್ಕಾಗಿ ತೆರೆದರು. ವೈದ್ಯಶಾಸ್ತ್ರಕ್ಕೆ ಎರಡೂ ಸಮನಾಗಿ ಉಪಯೋಗಕ್ಕೆ ಬಂದವು. ಬೇಯ್ಲಿ ಮುಂದೆ ಮೂರನೆಯ ಜಾರ್ಜ್ ದೊರೆಗೆ ವೈದ್ಯನಾದ. ಎರಡನೆಯ ಜಾರ್ಜನ ಮೊಮ್ಮಗನೇ ಆತ.

ನಮ್ಮ ದೇಶದಲ್ಲಿ ಸುಶ್ರುತ ಸಂಹಿತೆ ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಕುಂಚದಿಂದ ಮೆಲ್ಲಗೆ ತಿಕ್ಕುತ್ತ ಪದರ ಪದರವಾಗಿ ನೋಡಬೇಕೆಂದು ಹೇಳಿತ್ತು. ಆದರೆ ಆ ಅಭ್ಯಾಸ ಕಾಲಾಂತರದಲ್ಲಿ ತಪ್ಪಿಹೋಯಿತು. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು 1836ರಲ್ಲಿ ಶವಚ್ಛೇದನ ಮಾಡಿದಾಗ ಅದು ದೊಡ್ಡ ಸಾಹಸವೆನಿಸಿತು. ಅವರು ಆಯುರ್ವೇದ ಓದಿದ ವೈದ್ಯರೆಂಬುದನ್ನು ನಾವು ಮರೆಯಬಾರದು.

ಈ ಕೊರತೆ ಹೇಗೆ ಬರುತ್ತದೆ? 1909ರಲ್ಲಿ ಪೆರ್ನಾ ಎಂಬ ವಿದ್ವಾಂಸ ಒಂದು ಕಾರಣ ಕೊಟ್ಟ. ಇಂದಿಗೂ ಬಹುಮಂದಿ ಅದನ್ನೇ ಒಪ್ಪುತ್ತಾರೆ. ಬಸಿರಿನ ಮೊದಲ ವಾರಗಳಲ್ಲಿ ಹೃದಯದ ಗೂಡಿಗೂ ಶ್ವಾಸಕೋಶದ ಗೂಡಿಗೂ ನಡುವೆ ಪರದೆಯೊಂದು ಬೆಳೆದು ಎರಡನ್ನೂ ಬೇರ್ಪಡಿಸಬೇಕು. ಆ ಪರದೆಗೆ ರಕ್ತ ಒದಗಿಸುವ ಎಡಗಡೆಯ ಸಿರೆಯೊಂದು ಹೇಗೂ ಮುಂದೆ ಬಾಡಿಹೋಗುವಂಥದು. ಅದು ಕಾಲಕ್ಕೆ ಮುಂಚೆಯೇ ಬಾಡಿದರೆ ಪರದೆ ಪೂರ್ತಿಯಾಗುವುದಿಲ್ಲ. ಹಾಗಾಗಿಯೇ ಕೊರತೆ ಹೆಚ್ಚಾಗಿ ಎಡಗಡೆ. ಕೆಲವರಲ್ಲಿ ಸಣ್ಣ ಕಿಂಡಿ, ಕೆಲವರಲ್ಲಿ ಎಡಭಾಗವೆಲ್ಲ ಮಾಯ, ತೀರ ಅಪರೂಪಕ್ಕೆ ಇಡೀ ಚೀಲವೇ ಇಲ್ಲ. ಶವಪರೀಕ್ಷೆಗಳ ಲೆಕ್ಕದಲ್ಲಿ ಸುಮಾರು 10,000ದಿಂದ 14,000ಕ್ಕೆ ಒಂದು ಇಂಥದು ಸಿಗುತ್ತದೆಂದು ಗ್ರಂಥಗಳು ಹೇಳುತ್ತವೆ. ಇವರಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲಿನ ಮಂದಿಗೆ ಹೃದಯದ ಬೇರೆ ಜನ್ಮದೋಷಗಳೂ ಇರುತ್ತವೆ. ಅವುಗಳಲ್ಲೊಂದು, ಮೂರು ಎಸಳಿರಬೇಕಾದ ಮಹಾಧಮನಿಯ ಕವಾಟಕ್ಕೆ ಎರಡೇ ಎಸಳಿರುವುದು. ಎರಡೆಸಳಿನವರಲ್ಲಿ ಮಹಾಧಮನಿ ಹಿಗ್ಗುವ, ಸೀಳುವ ಅಪಾಯ ಮಿಕ್ಕವರಿಗಿಂತ ಹೆಚ್ಚು. ಒಂದು ಅಪರೂಪ ಇನ್ನೊಂದು ಅಪರೂಪದ ಕೈ ಹಿಡಿದುಕೊಂಡು ಬರುವುದು ಹೀಗೆ.

ಬದುಕಿರುವವರಲ್ಲಿ ಈ ಕೊರತೆಯನ್ನು ಗುರುತಿಸಲು ಬೇಯ್ಲಿಯ ಬಳಿಕ ಒಂದೂವರೆ ಶತಮಾನಕ್ಕೂ ಹೆಚ್ಚು ಬೇಕಾಯಿತು. 1895ರಲ್ಲಿ ರೋಂಟ್ಜನ್ ಎಕ್ಸ್‌ರೇ ಕಂಡುಹಿಡಿದ. ಆದರೂ 1959ರಲ್ಲಿ ಅಮೆರಿಕದ ಎಲ್ಲಿಸ್, ಲೀಡ್ಸ್ ಮತ್ತು ಹಿಮ್ಮೆಲ್‌ಸ್ಟೈನ್ ಎಂಬ ವೈದ್ಯರು ಬರೆಯುವವರೆಗೆ ಚಿತ್ರವನ್ನು ಓದುವ ಬಗೆ ತಿಳಿದಿರಲಿಲ್ಲ. ಹೃದಯ ಎಡಕ್ಕೆ ವಾಲಿರುತ್ತದೆ, ಆದರೆ ಶ್ವಾಸನಾಳ ಮಾತ್ರ ನಡುವೆಯೇ ಇರುತ್ತದೆ; ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವೆ ಇರಬಾರದ ಕಡೆ ಶ್ವಾಸಕೋಶದ ತುಣುಕು ತೂರಿಕೊಂಡಿರುತ್ತದೆ. ಸಂಶಯ ಉಳಿದರೆ ಆಗಿನ ವೈದ್ಯರು ಎಡ ಶ್ವಾಸಕೋಶದ ಗೂಡಿಗೆ ಸೂಜಿಯಿಂದ ಗಾಳಿ ಬಿಟ್ಟು ಚಿತ್ರ ತೆಗೆಯುತ್ತಿದ್ದರು. ಗಾಳಿ ಹೃದಯದ ಸುತ್ತ ಹೋಗಿ ನಿಂತರೆ ನಡುಪರದೆ ಇಲ್ಲವೆಂದಾಯಿತು. ಗಾಳಿ ಹೋಗುವ ದಾರಿಯಲ್ಲಿ ರಕ್ತವೂ ಹೋಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಅತ್ತ ಮಹಾಧಮನಿಯ ಕಥೆಯೂ ಬೇರೆ ದಾರಿಯಲ್ಲಿ ಸಾಗಿತ್ತು. ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1819ರಲ್ಲಿ ಈ ಕಾಯಿಲೆಗೆ ಹೆಸರು ಕೊಟ್ಟ. ಆದರೆ ಹೆಸರು ಬಂದರೂ ಮದ್ದು ಬರಲಿಲ್ಲ. 1954ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮೈಕೇಲ್ ಡಿಬೇಕಿ ಮತ್ತು ಸಂಗಡಿಗರು ಸೀಳಿದ ಮಹಾಧಮನಿಯನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಿದ ಮೇಲೆ ಚಿತ್ರ ಬದಲಾಯಿತು. 1965ರಲ್ಲಿ ಡಿಬೇಕಿ ಈ ಸೀಳುಗಳನ್ನು ಮೂರು ವಿಧವಾಗಿ ವಿಂಗಡಿಸಿದರು. ಅದೇ ವರ್ಷ ವ್ಹೀಟ್ ಮತ್ತು ಜೊತೆಗಾರರು ರಕ್ತದೊತ್ತಡ ಇಳಿಸುವ ಮದ್ದುಗಳಿಂದಲೇ ಕೆಲವರನ್ನು ಉಳಿಸಬಹುದೆಂದು ತೋರಿಸಿದರು. 1970ರಲ್ಲಿ ಸ್ಟ್ಯಾನ್‌ಫರ್ಡಿನವರು ಇನ್ನೂ ಸರಳವಾದ ಲೆಕ್ಕ ಮಾಡಿದರು: ಹೃದಯದಿಂದ ಮೇಲೇರುವ ಭಾಗ ಸೀಳಿದ್ದರೆ 'ಎ' ವಿಧ, ಅದು ಸೀಳದೆ ಕೆಳಕ್ಕಿಳಿಯುವ ಭಾಗ ಸೀಳಿದ್ದರೆ 'ಬಿ' ವಿಧ. 'ಎ' ಆದರೆ ಕೂಡಲೇ ಶಸ್ತ್ರಕ್ರಿಯೆ. 'ಬಿ'ಯಲ್ಲಿ ತೊಡಕಿಲ್ಲದಿದ್ದರೆ ಮೊದಲು ಮದ್ದು, ಕಾದು ನೋಡುವುದು. 'ಎ' ವಿಧವನ್ನು ಹಾಗೆಯೇ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಗಂಟೆಗೆ ನೂರರಲ್ಲಿ ಒಬ್ಬಿಬ್ಬರು ಸಾಯುತ್ತಾರೆಂಬ ಲೆಕ್ಕವನ್ನು ವೈದ್ಯ ವಿದ್ಯಾರ್ಥಿಗಳಿಗೆ ಬಹುಕಾಲ ಬಾಯಿಪಾಠ ಮಾಡಿಸಿದ್ದಾರೆ.

ಈಗ ಎರಡೂ ಕಥೆಗಳನ್ನು ಒಬ್ಬನೇ ಮನುಷ್ಯನಲ್ಲಿ ಕೂಡಿಸಿ ನೋಡೋಣ. ಬೇಯ್ಲಿಯ ಅನಾಮಿಕನಂಥ ಒಬ್ಬನಿಗೆ ಜಾರ್ಜ್ ದೊರೆಯ ಕಾಯಿಲೆ ಬಂತೆನ್ನಿ. ಮೇಲೇರುವ ಮಹಾಧಮನಿ ಒಡೆಯಿತು. ರಕ್ತವನ್ನು ಹಿಡಿದಿಡುವ ಚೀಲವಿಲ್ಲ. ಅದು ನೇರವಾಗಿ ಎಡ ಶ್ವಾಸಕೋಶದ ಸುತ್ತಣ ಗೂಡಿಗೆ ಇಳಿಯುತ್ತದೆ. ಬಿರಡೆ ಜಡಿಯುವುದಿಲ್ಲ. ಕತ್ತಿನ ನರ ಉಬ್ಬುವುದಿಲ್ಲ. ಬೆಕ್ ಕಲಿಸಿದ ಲಕ್ಷಣಗಳನ್ನು ಹುಡುಕುವ ವೈದ್ಯನಿಗೆ ಅವು ಸಿಗುವುದಿಲ್ಲ. ಬದಲಿಗೆ ಎದೆಯ ಎಡಭಾಗ ತಟ್ಟಿದರೆ ಮಂಕು ಸದ್ದು, ಎಕ್ಸ್‌ರೇಯಲ್ಲಿ ಎಡಗಡೆ ಬೆಳ್ಳಗೆ. ಎಡ ಗೂಡಿಗೆ ರಕ್ತ ಸೋರುವುದು ಸಾಮಾನ್ಯವಾಗಿ ಕೆಳಕ್ಕಿಳಿಯುವ ಮಹಾಧಮನಿ ಒಡೆದಾಗ. ಎಂದರೆ 'ಎ' ವಿಧ 'ಬಿ'ಯ ವೇಷದಲ್ಲಿ ಬಂದು ನಿಂತಿರುತ್ತದೆ. ತಪ್ಪು ಹೆಸರು ಬಿದ್ದರೆ ತಪ್ಪು ಚಿಕಿತ್ಸೆ; ಕೆಲವೊಮ್ಮೆ ಇದು ಬರಿ ನ್ಯುಮೋನಿಯದ ನೀರೆಂದು ಕಾಣುವ ಸಂಭವವೂ ಉಂಟು.

ತೊಡಕು ಅಷ್ಟಕ್ಕೇ ಮುಗಿಯುವುದಿಲ್ಲ. ಹೊದಿಕೆಯಿಲ್ಲದವರಿಗೆ ಯಾವ ಸೀಳೂ ಇಲ್ಲದೆ ಆಗಾಗ ಎಡ ಎದೆಯಲ್ಲಿ ಚುಚ್ಚುವ ನೋವು ಬರುವುದುಂಟು. ಹೃದಯ ಜಾಗ ಬದಲಿಸಿರುವುದರಿಂದ ಇ.ಸಿ.ಜಿ.ಯೂ ಸೊಟ್ಟಗಿರುತ್ತದೆ. ಕಿಂಡಿಯಿಂದ ಹೃದಯದ ಕಿವಿಯಂಥ ಭಾಗ ಹೊರಕ್ಕುಬ್ಬಿದರೆ ಎಕ್ಸ್‌ರೇಯಲ್ಲಿ ಗೆಡ್ಡೆಯಂತೆ ಕಾಣುತ್ತದೆ. ಬಹುಕಾಲದಿಂದ ಇರುವ ಸೊಟ್ಟ ಯಾವುದು, ಇಂದು ಬಂದ ಕೇಡು ಯಾವುದು ಎಂದು ನಡುರಾತ್ರಿಯಲ್ಲಿ ಬೇರ್ಪಡಿಸುವುದು ಹೇಗೆ?

ಇನ್ನೊಂದು ವಿಚಿತ್ರವಿದೆ. ಚೀಲವಿಲ್ಲದಿರುವುದರಿಂದ ಬಿರಡೆಯ ಸಾವು ತಪ್ಪುತ್ತದೆ ನಿಜ. ಅದರಿಂದ ಕೆಲವು ಗಂಟೆಗಳ ಆಯುಷ್ಯ ಸಿಗಲೂಬಹುದು. ಆದರೆ ಎದೆಯ ಗೂಡು ದೊಡ್ಡದು, ಲೀಟರುಗಟ್ಟಲೆ ರಕ್ತ ಹಿಡಿಯುತ್ತದೆ. ಸೋರಿಕೆಯನ್ನು ಒತ್ತಿಹಿಡಿಯುವಂಥದು ಅಲ್ಲಿ ಏನೂ ಇಲ್ಲ. ಇಂಥ ರೋಗಿಗಳ ಪ್ರಸಂಗಗಳು ವೈದ್ಯ ಪತ್ರಿಕೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಬಂದಿವೆ. ಕೆಲವರಲ್ಲಿ ಎದೆಗೂಡು ತೆರೆದ ಮೇಲೆಯೇ ಹೊದಿಕೆಯಿಲ್ಲವೆಂಬುದು ಗೊತ್ತಾಗಿದೆ.

ಇಷ್ಟು ಅಪರೂಪದ ವಿಷಯ ನಮಗೇಕೆ ಎಂದು ವಾಚಕರು ಕೇಳಬಹುದು. ಹೊದಿಕೆಯ ಕೊರತೆ ಅಪರೂಪವೇ. ಆದರೆ ಮಹಾಧಮನಿಯ ಸೀಳು ಅಷ್ಟು ಅಪರೂಪವಲ್ಲ, ಅದರ ಮುಖ್ಯ ಕಾರಣವಾದ ರಕ್ತದೊತ್ತಡವಂತೂ ನಮ್ಮ ಮನೆಮನೆಯಲ್ಲಿದೆ. ಎದೆನೋವು ಎಂದಕೂಡಲೇ ನಾವೆಲ್ಲ ಹಾರ್ಟ್ ಅಟ್ಯಾಕ್ ಎಂದುಕೊಳ್ಳುತ್ತೇವೆ. ಹಾರ್ಟ್ ಅಟ್ಯಾಕಿಗೆ ಕೊಡುವ, ಹೆಪ್ಪು ಕರಗಿಸುವ ಮದ್ದು ಸೀಳಿದ ಧಮನಿಗೆ ವಿಷವಾದೀತು. ಹನ್ನೆರಡು ಆಸ್ಪತ್ರೆಗಳ 464 ರೋಗಿಗಳ ಲೆಕ್ಕ 2000ದಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ಹನ್ನೆರಡರಷ್ಟು ಮಂದಿಯ ಎಕ್ಸ್‌ರೇ ಸಹಜವಾಗಿಯೇ ಇತ್ತು. ಎಲ್ಲ ಸಹಜವಾಗಿರುವ ಮನುಷ್ಯರಲ್ಲೇ ಹೀಗಿರುವಾಗ ಹುಟ್ಟಿನಿಂದ ಹೊದಿಕೆಯಿಲ್ಲದವನ ಪಾಡೇನು?

ಊರು ಬಿಟ್ಟು ಬಂದ ನಮ್ಮಂಥವರ ವಿಷಯದಲ್ಲಿ ಎರಡು ಮಾತು ಹೇಳಬೇಕೆನಿಸುತ್ತದೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಒಂದು ನಗರದಿಂದ ಇನ್ನೊಂದಕ್ಕೆ ಹೋಗುವಾಗ ನಾವು ಮೊದಲು ಎಸೆಯುವುದು ಹಳೆಯ ಎಕ್ಸ್‌ರೇ, ಹಳೆಯ ಇ.ಸಿ.ಜಿ. ಕಾಗದ. ಹೃದಯ ಎಡಕ್ಕೆ ವಾಲಿರುವುದು ಇಪ್ಪತ್ತು ವರ್ಷದ ಹಿಂದಿನ ಚಿತ್ರದಲ್ಲೂ ಇತ್ತೆಂದು ತೋರಿಸಬಲ್ಲವನ ವೈದ್ಯನಿಗೆ ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆಯ ಬೆಲೆ ಏನೆಂಬುದನ್ನು ಮೇಲೆ ಹೇಳಿದ್ದೇವೆ. ಇನ್ನೊಂದು, ನಮ್ಮ ಹಿರಿಯರು ಇಲ್ಲಿ ತೀರಿಕೊಂಡಾಗ ದೇಹವನ್ನು ಆದಷ್ಟು ಬೇಗ ಊರಿಗೆ ಒಯ್ಯುವ ಅವಸರದಲ್ಲಿರುತ್ತೇವೆ; ಶವಪರೀಕ್ಷೆ ಎಂದರೆ ಬೆಚ್ಚುತ್ತೇವೆ. ಆ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ 'ಹಾರ್ಟ್ ಫೇಲ್' ಎಂಬ ಎರಡು ಪದಗಳಲ್ಲಿ ಮುಚ್ಚಿಹೋದ ಸಾವುಗಳಲ್ಲಿ ಎಷ್ಟು ಮಂದಿಯದು ಮಹಾಧಮನಿಯ ಸೀಳೋ ಯಾರು ಬಲ್ಲರು? ಎರಡೆಸಳಿನ ಕವಾಟ, ಧಮನಿಯ ದೌರ್ಬಲ್ಯ ವಂಶದಲ್ಲಿ ಹರಿಯಬಹುದಾದವು. ತಂದೆ ಏತರಿಂದ ಹೋದರೆಂಬುದು ಮಕ್ಕಳಿಗೆ ಬೇಕಾದ ವಿಷಯ.

ಇಂದು ಸೀಳನ್ನೂ ಹೊದಿಕೆಯ ಕೊರತೆಯನ್ನೂ ಒಟ್ಟಿಗೆ ತೋರಿಸಬಲ್ಲ ಯಂತ್ರಗಳಿವೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಜ್ 1953ರಲ್ಲಿ ಸದ್ದಿನ ಅಲೆಗಳಿಂದ ಹೃದಯ ನೋಡುವ ಬಗೆ ಆರಂಭಿಸಿದರು. 1971ರಲ್ಲಿ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. ಕೆಲವೇ ವರ್ಷಗಳಲ್ಲಿ ಎದೆಯ ಸರದಿ ಬಂತು. ಕೈಗೆ ಬಣ್ಣದ ಮದ್ದು ಚುಚ್ಚಿ ಸಿ.ಟಿ. ತೆಗೆದರೆ ಧಮನಿಯ ಎರಡು ದಾರಿಗಳೂ, ಅವುಗಳ ನಡುವಣ ಹರಿದ ಪದರವೂ ಕಾಣುತ್ತವೆ. ಆದರೆ ಯಂತ್ರದ ಮುಂದೆ ರೋಗಿಯನ್ನು ಮಲಗಿಸಬೇಕೆಂಬ ಸಂಶಯ ಮೊದಲು ಮನುಷ್ಯನಿಗೆ ಬರಬೇಕಲ್ಲ! ಸ್ವತಃ ಡಿಬೇಕಿಯವರಿಗೇ 2005ರ ಡಿಸೆಂಬರ್ 31ರಂದು, 97ರ ವಯಸ್ಸಿನಲ್ಲಿ, ಮನೆಯಲ್ಲಿ ಒಬ್ಬರೇ ಇದ್ದಾಗ ಮಹಾಧಮನಿ ಸೀಳಿತು. ಬಂದದ್ದು ಏನೆಂದು ಅವರು ತಾವೇ ಗುರುತಿಸಿದರು. ಆದರೂ ಆಸ್ಪತ್ರೆಗೆ ಸೇರಲು ತುಂಬ ದಿನ ಒಪ್ಪಲಿಲ್ಲ. 2006ರ ಫೆಬ್ರವರಿಯಲ್ಲಿ ಅವರ ಸಹೋದ್ಯೋಗಿಗಳೇ, ಅವರು ಬೆಳೆಸಿದ ವಿದ್ಯೆಯಿಂದಲೇ, ಅವರಿಗೆ ಶಸ್ತ್ರಕ್ರಿಯೆ ಮಾಡಿದರು. ಚೇತರಿಸಿಕೊಂಡು 2008ರ ಜುಲೈವರೆಗೆ ಬದುಕಿದರು.

ಹೊದಿಕೆ ಪೂರ್ತಿ ಇಲ್ಲವೆಂದು ತಿಳಿದುಬಂದವರಿಗೆ ಸಾಮಾನ್ಯವಾಗಿ ಯಾವ ಚಿಕಿತ್ಸೆಯೂ ಬೇಡ. ಅನೇಕರು ಪೂರ್ಣಾಯುಷ್ಯ ಬದುಕುತ್ತಾರೆ. ಅಪಾಯವಿರುವುದು ಅರೆಬರೆ ಕಿಂಡಿಯಿರುವವರಿಗೆ, ಏಕೆಂದರೆ ಹೃದಯದ ಒಂದು ತುಣುಕು ಅದರಲ್ಲಿ ಸಿಕ್ಕಿಕೊಂಡು ಉರುಳು ಬಿಗಿದಂತಾಗಬಹುದು. ಅಂಥವರಿಗೆ ಶಸ್ತ್ರವೈದ್ಯರು ಕಿಂಡಿಯನ್ನು ತೇಪೆ ಹಾಕಿ ಮುಚ್ಚುತ್ತಾರೆ. ಇಲ್ಲವೆ ಏನೂ ಸಿಕ್ಕಿಕೊಳ್ಳದಷ್ಟು ಅಗಲ ಮಾಡಿ ಬಿಡುತ್ತಾರೆ.